ಮುನ್ನಿ ಬೀ ಬರೆದುಕೊಟ್ಟ ಜಾಮೀನು

ಬಸವಕಲ್ಯಾಣದ ಕೋಟೆಯ ಹಿಂದಿನ ಓಣಿಯಲ್ಲಿ ಮುನ್ನಿ ಬೀಯನ್ನು ಅರಿಯದವರಿರಲಿಲ್ಲ. ಮೂವತ್ತು ವರ್ಷ ಬಳೆಯ ಬುಟ್ಟಿ ಹೊತ್ತು ಮೋರಖಂಡಿ, ಮಂಠಾಳದ ಮನೆಮನೆ ತಿರುಗಿದ ಹೆಂಗಸು. ಯಾವ ಮನೆಯಲ್ಲಿ ಅತ್ತೆ ಸೊಸೆಗೆ ಮಾತಿಲ್ಲ, ಯಾವ ಮನೆಯಲ್ಲಿ ಮಗಳ ನೆಂಟಸ್ತನ ಕೂಡಿಬಂತು, ಎಲ್ಲವೂ ಆಕೆಗೆ ಕೈ ನೋಡಿದರೇ ತಿಳಿಯುತ್ತಿತ್ತು. ತನ್ನ ಮನೆಯಲ್ಲೇ ಒಂದು ಗಡುವು ಹತ್ತಿರ ಬರುತ್ತಿದ್ದದ್ದು ಮಾತ್ರ ತಿಳಿಯಲಿಲ್ಲ.

ಅದು ತಿಳಿದದ್ದು ಒಂದು ಶುಕ್ರವಾರ. ನಮಾಜು ಮುಗಿಸಿ ಎದ್ದಾಗ ಸೊಸೆ ಮಲಿಕಾ ಒಳಕೋಣೆಯಲ್ಲಿ ಆರು ವರ್ಷದ ಮಗಳು ನೂರೀನಳ ಫ್ರಾಕುಗಳನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದಳು.

"ಎಲ್ಲಿಗಿ?" ಅಂದಳು ಮುನ್ನಿ ಬೀ.

ಮಲಿಕಾ ತಲೆ ಎತ್ತಲಿಲ್ಲ. "ವೀಸಾ ಮುಗಿಲಾಕತ್ತದ ಅಮ್ಮಿ. ಇನ್ನ ಇಪ್ಪತ್ತೆಂಟು ದಿನ."

ಮಲಿಕಾ ಶ್ರೀಲಂಕಾದ ಪುತ್ತಳಂ ಕಡೆಯವಳು. ರಿಯಾದಿನಲ್ಲಿ ಒಂದೇ ಶೇಖನ ಮನೆಯಲ್ಲಿ ಅವಳು ಅಡುಗೆಗಿದ್ದಳು, ಮುನ್ನಿ ಬೀಯ ಮಗ ಜುಬೇರ ಕಾರು ಓಡಿಸುತ್ತಿದ್ದ. ಇಬ್ಬರೂ ಒಪ್ಪಿ ನಿಕಾಹ್ ಮಾಡಿಕೊಂಡು ಬಸವಕಲ್ಯಾಣಕ್ಕೆ ಬಂದು ಏಳು ವರ್ಷವಾಗಿತ್ತು. ವೀಸಾದ ಕಾಗದ ಪತ್ರವೆಲ್ಲ ಜುಬೇರನದೇ ಕೆಲಸ. ಫೋಟೊ ತೆಗೆಸುವುದು, ಕಂಪ್ಯೂಟರಿನಲ್ಲಿ ಅರ್ಜಿ ಹಾಕುವುದು, ಬೀದರಿಗೆ ಓಡಾಡುವುದು. ಐದು ತಿಂಗಳ ಹಿಂದೆ ಎದೆನೋವೆಂದು ಕೂತವನು ಮೇಲೇಳಲಿಲ್ಲ. ಮಲಿಕಾಳ ಇದ್ದತ್ತು ಮುಗಿಯುವವರೆಗೆ, ಗಂಡನನ್ನು ಕಳಕೊಂಡವಳು ಮನೆಯಲ್ಲೇ ಕೂರುವ ಆ ನಾಲ್ಕು ತಿಂಗಳು ಹತ್ತು ದಿನ, ಕಾಗದದ ಮಾತು ಯಾರ ತಲೆಗೂ ಬರಲಿಲ್ಲ.

"ನನಗ ಯಾಕ ಹೇಳಲಿಲ್ಲ?"

"ಹ್ಯಾಂಗ ಹೇಳಲಿ?" ಮಲಿಕಾ ಫ್ರಾಕಿನ ತೋಳು ಬಿಚ್ಚಿ ಮತ್ತೆ ಮಡಚಿದಳು. "ಅವರ ಹೆಸರಿನ ಮ್ಯಾಲ ನನ್ನ ವೀಸಾ ಇತ್ತು. ಈಗ ಅವರೇ ಇಲ್ಲ. ಮತ್ತ ನೀವೂ ಒಮ್ಮಿ ಅಂದಿದ್ರಿ, ಬಂದ ದಾರಿ ಹಿಡಿ ಅಂತ."

ಮುನ್ನಿ ಬೀ ಅಂದದ್ದು ನಿಜ. ಮಲಿಕಾ ಬಂದ ಮೊದಲ ವರ್ಷ. ಮೀನಿಗೂ ಬೇಳೆಗೂ ತೆಂಗಿನ ಹಾಲು ಸುರಿಯುವವಳು, ನಮ್ಮ ಮಾತು ಸರಿಯಾಗಿ ಬಾರದವಳು, ಬೀಗರಿಲ್ಲ ಬಳಗವಿಲ್ಲ ಎಂಬ ಸಿಟ್ಟಿನಲ್ಲಿ ಆಡಿದ್ದಳು. ಆಡಿದವಳು ಮರೆತಿದ್ದಳು. ಕೇಳಿಸಿಕೊಂಡವಳು ಏಳು ವರ್ಷ ಇಟ್ಟುಕೊಂಡಿದ್ದಳು.

"ಆ ನಾಲಿಗಿ ಸುಡಲಿ," ಅಂದಳು ಮುನ್ನಿ ಬೀ. ನೆಲದ ಮೇಲೆ ಸೊಸೆಯ ಪಕ್ಕ ಕೂತಳು. "ನಿನಗ ಹೋಗಬೇಕನಸ್ತದೇನು? ಖರೇ ಹೇಳು. ನನ್ನ ಮುಖ ನೋಡಿ ಹೇಳಬ್ಯಾಡ."

ಮಲಿಕಾ ಫ್ರಾಕನ್ನು ಮಡಿಲಿಗೆ ಇಟ್ಟುಕೊಂಡಳು. "ಅವರ ಮಣ್ಣು ಇಲ್ಲೇ ಅದ. ನೂರೀನ ಇಲ್ಲಿ ಸಾಲಿಗೆ ಹೋಗ್ತಾಳ. ನಾನೂ ಇಲ್ಲೇ ಇರಬೇಕಂತ ಅದ, ಅಮ್ಮಿ. ಆದ್ರ ಯಾರನ್ನ ಕೇಳಬೇಕು ಗೊತ್ತಾಗವಲ್ದು."

ಸೋಮವಾರ ಅತ್ತೆ ಸೊಸೆ ಇಬ್ಬರೂ ಹುಮನಾಬಾದಿನ ಬಸ್ಸು ಹತ್ತಿದರು. ಅಡತಿ ಬಜಾರಿನ ಹಿಂದೆ, ಜೋಳದ ಚೀಲ ಇಳಿಸುವ ಲಾರಿಗಳ ಸಂದಿಯಲ್ಲಿ ವೈಜನಾಥ ವಕೀಲರ ಕೋಣೆ. ಅವರ ಅಕ್ಕತಂಗಿಯರಿಗೆಲ್ಲ ಮದುವೆಯ ಬಳೆ ತೊಡಿಸಿದವಳು ಮುನ್ನಿ ಬೀಯೇ.

ವಕೀಲರು ಕನ್ನಡಕ ಏರಿಸಿ ಪಾಸ್‌ಪೋರ್ಟು, ನಿಕಾಹ್‌ನಾಮಾ, ಜುಬೇರನ ಮರಣ ಪತ್ರ ಒಂದೊಂದಾಗಿ ನೋಡಿದರು. "ತಾರೀಖು ಇನ್ನೂ ದಾಟಿಲ್ಲ. ಅದು ದೊಡ್ಡ ಮಾತು. ದಾಟಿದ ಮ್ಯಾಲ ಬಂದಿದ್ರ ಬಹಳ ತ್ರಾಸ ಆಗ್ತಿತ್ತು."

"ಗಂಡ ಇಲ್ಲದಾಕಿಗಿ ಕೊಡ್ತಾರೇನ್ರಿ?" ಮಲಿಕಾ ಕೇಳಿದಳು.

"ಕೊಟ್ಟೇ ಕೊಡ್ತಾರ ಅಂತ ನಾ ಹೇಳಾಂಗಿಲ್ಲ ತಂಗಿ. ಅದು ಸರ್ಕಾರದ ಕೈಯಾಗದ. ಆದ್ರ ಕೇಳಾಕ ಬಾಗಿಲ ಮುಚ್ಚಿಲ್ಲ. ಇದ್ದದ್ದು ಇದ್ದಾಂಗ ಬರೀಬೇಕು. ಗಂಡ ತೀರಿಕೊಂಡಾನ ಅಂಬೋದು ಮುಚ್ಚಿಡಬಾರದು."

"ಮತ್ತ ನನ್ನ ಮಗಳು?" ಮಲಿಕಾ ಮುಂದಕ್ಕೆ ಬಾಗಿದಳು. "ನನ್ನ ಕಳಿಸಿದ್ರ ಆಕೀನ ಇಲ್ಲೇ ಇಟ್ಕೊತಾರೇನು?"

"ಆಕಿ ಇಲ್ಲೇ ಹುಟ್ಟ್ಯಾಳ, ಅಪ್ಪ ಇಲ್ಲಿಯವ, ಆವಾಗ ನಿನ್ನ ವೀಸಾ ಚಾಲೂ ಇತ್ತು. ಆಕಿ ಈ ದೇಶದಾಕಿ. ಆದ್ರ ತಾಯಿಂದ ಕೂಸಿನ್ನ ಕಸಕೋ ಅಂತ ಯಾವ ಕಾಯ್ದೇನೂ ಹೇಳಾಂಗಿಲ್ಲ. ಅದರ ಚಿಂತಿ ಬಿಡು." ವಕೀಲರು ಮುನ್ನಿ ಬೀಯ ಕಡೆ ತಿರುಗಿದರು. "ಇಲ್ಲಿಯವರು ಒಬ್ಬರು ಜಾಮೀನು ಬರದು ಕೊಡಬೇಕು, ಖಾಲಾ. ಈಕಿ ಊಟ, ಇರೋ ಜಾಗ, ನಡತಿ, ಎಲ್ಲಾದಕ್ಕೂ ನಾ ಹೊಣಿ ಅಂತ."

"ನಾ ಕೊಡ್ತೀನಿ. ಬರೀರಿ."

ವಕೀಲರು ಬರೆಯುತ್ತ ಹೋದರು, ಓದಿ ಹೇಳಿದರು. ಮುನ್ನಿ ಬೀ ಸೆರಗು ಸರಿಮಾಡಿಕೊಂಡಳು. "ಇನ್ನೊಂದು ಬರೀರಿ. ಈಕಿಗಿ ತನ್ನ ಅವ್ವನ್ನ ನೋಡಬೇಕನಿಸಿದ್ರ ಹೋಗಿ ಬರಬಹುದು, ನಾ ತಡಿಯಾಂಗಿಲ್ಲ ಅಂತ."

"ಅದಕ್ಕ ಈ ಫಾರ್ಮಿನಾಗ ಜಾಗ ಇಲ್ಲ ಖಾಲಾ."

"ಹಿಂದಿನ ಮಗ್ಗಲಿಗಿ ಬರೀರಿ."

ವೈಜನಾಥರು ನಕ್ಕರು. ಬೇರೊಂದು ಹಾಳೆಯಲ್ಲಿ ಬರೆದು, ಅವಳ ಕೈಗೇ ಕೊಟ್ಟರು. ಮುನ್ನಿ ಬೀ ಎರಡರ ಮೇಲೂ ಉರ್ದುವಿನಲ್ಲಿ ಸಹಿ ಹಾಕಿದಳು. ಎರಡನೆಯದನ್ನು ಮಡಚಿ ಸೊಸೆಗೆ ಕೊಟ್ಟಳು. ಮಲಿಕಾ ಅದನ್ನು ಓದಲಾರಳು, ಆದರೆ ಏನಿದೆ ಎಂದು ಕೇಳಿಸಿಕೊಂಡಿದ್ದಳು. ಬಸ್‌ಸ್ಟ್ಯಾಂಡಿನವರೆಗೂ ಅವಳು ಅತ್ತೆಯ ಕೈ ಬಿಡಲಿಲ್ಲ.

ಅರ್ಜಿ ಹೋದ ಎರಡು ವಾರಕ್ಕೆ ವಿಚಾರಣೆಗೆಂದು ಠಾಣೆಯ ಹವಾಲ್ದಾರ ನರಸಿಂಗ ಮನೆಗೆ ಬಂದ. ಕೆಟ್ಟವನಲ್ಲ. ಕೇಳಬೇಕಾದ್ದನ್ನು ಕೇಳಿ ಬರೆದುಕೊಳ್ಳುವವನು. ಎದುರು ಮನೆಯ ಮಾಣಿಕಮ್ಮ ಕರೆಯದೇ ಬಂದು ಕಟ್ಟೆಯ ಮೇಲೆ ಕೂತಳು.

"ಮಗ ತೀರಿಕೊಂಡ ಮ್ಯಾಲ ಈಕಿಗೂ ನಿಮಗೂ ಏನು ಸಂಬಂಧ ಅಂತ ಬರಕೊಳ್ಳಲಿ, ಬೀ?" ನರಸಿಂಗ ಕೇಳಿದ.

"ಸೊಸಿ ಅಂತ."

"ಅದು ಮಗ ಇದ್ದಾಗಿನ ಮಾತು. ಈಗ?"

"ಮಗನ್ನ ಮಣ್ಣಿಗೆ ಕೊಟ್ಟು ಬಂದೀನಿ ಸಾಹೇಬ್ರ," ಅಂದಳು ಮುನ್ನಿ ಬೀ. "ಸೊಸೀನ್ನ ಕೊಟ್ಟು ಬಂದಿಲ್ಲ."

ಮಾಣಿಕಮ್ಮ ಕಟ್ಟೆಯಿಂದಲೇ ದನಿಗೂಡಿಸಿದಳು. "ನಂಗ ಕಾಲು ಮುರದಾಗ ತಿಂಗಳಗಟ್ಲೆ ರೊಟ್ಟಿ ಬಡದು ಕೊಟ್ಟಾಕಿ ಈಕೀನ್ರಿ. ಅದನ್ನೂ ಬರಕೋರಿ."

ನರಸಿಂಗ ತಲೆ ತಗ್ಗಿಸಿ ಬರೆದ. ರೊಟ್ಟಿಯ ಮಾತು ಬರೆದನೋ ಇಲ್ಲವೋ, 'ಸೊಸೆ' ಎಂದಂತೂ ಬರೆದ. ಮುನ್ನಿ ಬೀ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡಳು.

ಅದೇ ವಾರ ಪುತ್ತಳಂನಿಂದ ಫೋನು ಬಂತು. ಮಲಿಕಾಳ ತಾಯಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಈಗ ಹೊರಟುಬಿಟ್ಟರೆ ಇಲ್ಲಿಯ ಅರ್ಜಿ ನಡುನೀರಿನಲ್ಲಿ ಉಳಿಯುತ್ತದೆ, ಉತ್ತರ ಬರುವವರೆಗೆ ತಾಳು ಎಂದರು ವಕೀಲರು. ಮಲಿಕಾ ತಾಳಿದಳು. ಹಗಲು ಕೆಲಸ ಮಾಡುತ್ತ ತಮಿಳಿನಲ್ಲಿ ಫೋನಿಗೆ ಏನೋ ಹೇಳುವಳು, ದನಿ ಗಟ್ಟಿ ಇರುವುದು. ಫೋನಿಟ್ಟ ಮೇಲೆ ಹಿತ್ತಲಿಗೆ ಹೋಗಿ ನಿಲ್ಲುವಳು. ಮುನ್ನಿ ಬೀ ಹಿಂದೆ ಹೋಗುತ್ತಿರಲಿಲ್ಲ. ಒಂದು ದಿನ ಮಾತ್ರ ಫೋನನ್ನು ತಾನೇ ಇಸಿದುಕೊಂಡು, ಒಂದಕ್ಷರ ತಮಿಳು ಬರದಿದ್ದರೂ ಬೀಗತಿಗೆ, "ಸಮ್ಧನ್, ನಿಮ್ಮ ಮಗಳು ಬರ್ತಾಳ. ನಾ ಕಳಿಸ್ತೀನಿ," ಎಂದು ಜೋರಾಗಿ ಹೇಳಿದಳು. ಆ ಕಡೆಯ ಮುದುಕಿಗೆ ಏನು ತಿಳಿಯಿತೋ, ಅತ್ತಳು. ಈ ಕಡೆಯವಳೂ ಅತ್ತಳು.

ಗಡುವಿಗೆ ನಾಲ್ಕು ದಿನ ಉಳಿದಾಗ ವೈಜನಾಥರ ಫೋನು ಬಂತು. ಒಂದು ವರ್ಷ ಮುಂದುವರಿಸಿದ್ದರು. ಹೋಗಿ ಬರಲೂ ಅಡ್ಡಿಯಿರಲಿಲ್ಲ. "ನಾಗರಿಕತ್ವದ ದಾರಿ ಬ್ಯಾರೇ, ಉದ್ದನೆಯದು. ತಿರಿಗಿ ಬಂದ ಮ್ಯಾಲ ಕೂಡಿ ನೋಡೋಣ," ಅಂದರು.

ಹೊರಡುವ ಮುಂಜಾನೆ ಮುನ್ನಿ ಬೀ ಬುಟ್ಟಿ ತೆರೆದು ಮಲಿಕಾಳನ್ನು ಎದುರು ಕೂರಿಸಿಕೊಂಡಳು.

"ಬ್ಯಾಡ ಅಮ್ಮಿ. ಮಂದಿ ಏನಂತಾರ?"

"ಮಂದಿ ಕೈ ಅಲ್ಲ, ನಿಂದು. ಬರಿ ಕೈಲೆ ಹೋದ್ರ ನಿನ್ನ ಅವ್ವನ ಸೊಂಟಕ್ಕಿಂತ ಎದಿ ಹೆಚ್ಚು ನೋಯ್ತದ." ಕೈ ಒತ್ತಿ ಒತ್ತಿ, ನೋಯದಂತೆ, ಎರಡೂ ಮುಂಗೈಗೆ ಹಸಿರು ಗಾಜಿನ ಬಳೆ ಏರಿಸಿದಳು.

ನೂರೀನಳನ್ನು ಇಲ್ಲೇ ಬಿಟ್ಟು ಹೋಗುತ್ತೇನೆ, ನಿಮಗೆ ಧೈರ್ಯ ಇರುತ್ತದೆ ಎಂದು ಮಲಿಕಾ ಅಂದಿದ್ದಳು. ಮುನ್ನಿ ಬೀ ಒಪ್ಪಲಿಲ್ಲ. ಜುಬೇರ ಮಾಡಿಸಿಟ್ಟಿದ್ದ ಮಗುವಿನ ಪಾಸ್‌ಪೋರ್ಟನ್ನು ತಾನೇ ಟ್ರಂಕಿನಿಂದ ತೆಗೆದುಕೊಟ್ಟಳು. ಅಜ್ಜಿಯನ್ನು ನೋಡದೇ ಮಗು ಬೆಳೆಯಬಾರದು ಎಂದಳು. ಹುಮನಾಬಾದಿನಲ್ಲಿ ಹೈದರಾಬಾದಿನ ಬಸ್ಸಿಗೆ ತಾಯಿ ಮಗಳನ್ನು ಹತ್ತಿಸಿ, ಬಸ್ಸು ಹೆದ್ದಾರಿಗೆ ಹೊರಳುವವರೆಗೆ ನಿಂತಳು. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು. ಬಸವಕಲ್ಯಾಣದ ಎರಡು ಬಸ್ಸು ಹೋದವು, ಏಳಲಿಲ್ಲ.

ಮೂವತ್ತಮೂರನೆಯ ದಿನ ಮಧ್ಯಾಹ್ನ ಫೋನು ಬಂತು. "ಅಮ್ಮಿ, ಹೈದರಾಬಾದ್ ವಿಮಾನ ನಿಲ್ದಾಣ ದಾಟಿ ಹೊರಗ ಬಂದೇವಿ. ಅಲ್ಲಿ ಸಾಹೇಬ ಕೇಳಿದ, ಎಲ್ಲಿಗಿ ಹೊಂಟೀರಿ ಅಂತ."

"ನೀ ಏನಂದಿ?"

"ನಾ ಅನ್ನೋದ್ರಾಗ ನೂರೀನ ಅಂದ್ಳು, ದಾದಿ ಹಂತ್ಯಾಕ, ಅಜ್ಜಿ ಮನಿಗಿ ಅಂತ. ಅಂವಾ ನಕ್ಕ, ಠಸ್ಸೆ ಒತ್ತಿದ."

ಮುನ್ನಿ ಬೀ ಫೋನಿಟ್ಟು ಮಾಣಿಕಮ್ಮನ ಮನೆಯ ಬಾಗಿಲಿಗೆ ಹೋದಳು. "ಮಾಣಿಕವ್ವಾ, ಒಂದು ತೆಂಗಿನಕಾಯಿ ಇದ್ರ ಕೊಡು. ಅದರ ಹಾಲು ಹ್ಯಾಂಗ ತೆಗೀತಾರ, ನಿನಗೇನರ ಗೊತ್ತದೇನು?"