ಎರಡು ಪ್ರೊಸೆಸರ್, ಒಂದು ಗಂಟಲು

ಅಮ್ಮ ಕೈಯಲ್ಲಿದ್ದ ಹಾಲಿನ ಪಾತ್ರೆಯನ್ನು ಬಿಟ್ಟೇಬಿಟ್ಟಳು. ಒಳಕೋಣೆಯಿಂದ ಅಪ್ಪನ ಧ್ವನಿ ಬಂದಿತ್ತು. ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ಡಾಕ್ಟರು ತೆಗೆದ ಮೇಲೆ ಈ ಮನೆಯಲ್ಲಿ ಇಲ್ಲವಾಗಿದ್ದ ಧ್ವನಿ, ಒಂದಿಷ್ಟೂ ಸವೆಯದೆ, "ಒಂದು ಲೋಟ ನೀರು ಕೊಡು" ಎಂದಿತ್ತು. ಅದೂ ಹೇಗೆ? ದೂರದ ಊರಿನ ಬಸ್ಸು ಇನ್ನೇನು ಹೊರಟೇಬಿಡುತ್ತದೆ ಎನ್ನುವ ಗತ್ತಿನಲ್ಲಿ. ಅಮ್ಮ ಹಾಲು ತುಳಿದುಕೊಂಡೇ ಓಡಿಬಂದಳು. ಅಪ್ಪನ ಮುಚ್ಚಿದ ಬಾಯಿಯನ್ನೂ ಮೇಜಿನ ಮೇಲಿನ ಸ್ಪೀಕರನ್ನೂ ಒಂದಾದ ಮೇಲೊಂದು ನೋಡಿ, "ಹೇಳಿ ಮಾಡಬಾರದೇನೇ? ಜೀವ ಬಾಯಿಗೆ ಬಂತಲ್ಲ!" ಎಂದು ನನ್ನ ಬೆನ್ನಿಗೊಂದು ಗುದ್ದು ಹಾಕಿದಳು. ಆಮೇಲೆ ಗೋಡೆಗೊರಗಿ ಅತ್ತಳು.

ಅಪ್ಪ ಬಸ್ ನಿಲ್ದಾಣದಲ್ಲಿ ಕೂತು ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿನಲ್ಲಿದೆ ಎಂದು ಹೇಳುತ್ತಿದ್ದವನು. ಊರವರ ಬಾಯಲ್ಲಿ ಅವನ ಹೆಸರು ಮೈಕಪ್ಪ. ಆಪರೇಷನ್ನಿಗೆ ಮುಂಚೆ ನಿಲ್ದಾಣದ ಕಂಟ್ರೋಲರ್ ಅವನ ಎಲ್ಲ ಪ್ರಕಟಣೆಗಳನ್ನೂ ರೆಕಾರ್ಡ್ ಮಾಡಿಸಿಕೊಂಡಿದ್ದ. ಹೊಸದಾಗಿ ಬರುವವರು ಕೇಳಿ ಕಲಿಯಲಿ ಅಂತ ಹೇಳಿದ್ದ. ಅದರದೊಂದು ಪ್ರತಿ ಮನೆಯಲ್ಲಿತ್ತು. ಬರೆದದ್ದನ್ನು ಅದೇ ಧ್ವನಿಯಲ್ಲಿ ಓದುವ ಪ್ರೋಗ್ರಾಮನ್ನು ನಾನು ಸಿದ್ಧಮಾಡಿದ್ದು ಆ ಪ್ರತಿಯಿಂದ. ಹಾಗಾಗಿ ಅಪ್ಪ ಪ್ರೀತಿಯಿಂದ ಬರೆಯಲಿ, ರೇಗಿ ಬರೆಯಲಿ, ಕೇಳುವವರಿಗೆ ಮಾತ್ರ ಬಸ್ಸು ಹೊರಟಂತೆಯೇ ಅನಿಸುತ್ತಿತ್ತು.

ನನ್ನ ಕಸುಬು ಕಂಪ್ಯೂಟರಿನ ಮಿದುಳಾದ ಪ್ರೊಸೆಸರುಗಳನ್ನು ಹೋಲಿಸುವುದು. ಕಂಪ್ಯೂಟರ್ ಪತ್ರಿಕೆಯೊಂದಕ್ಕೆ ಬರೆಯುತ್ತೇನೆ. ಯಾವುದು ವೇಗ, ಯಾವುದು ಕೊಟ್ಟ ದುಡ್ಡಿಗೆ ತಕ್ಕದ್ದು, ಯಾವುದು ಬರೀ ಜಂಬ ಎಂದು ತೀರ್ಪು ಕೊಡುವವಳು. ಕೋಪ ಮೂಗಿನ ತುದಿಯಲ್ಲೇ ಇರುವ ನನಗೆ ಇದು ಹೇಳಿ ಮಾಡಿಸಿದ ಕೆಲಸ. ತೆಳು ಲ್ಯಾಪ್‌ಟಾಪಿನೊಳಗೆ ಬ್ಯಾಟರಿ ನಂಬಿಕೊಂಡು ಬದುಕುವ ಮೊಬೈಲ್ ಪ್ರೊಸೆಸರುಗಳನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಎರಡು ಹೆಜ್ಜೆ ಓಡಿಸಿದರೆ ಬಿಸಿಯಾಗುತ್ತವೆ, ಬಿಸಿಯಾದರೆ ಕುಂಟುತ್ತವೆ. ಅಪ್ಪನಿಗೆಂದು ನಾನು ಆರಿಸಿದ್ದು ಡೆಸ್ಕ್‌ಟಾಪ್ ಪ್ರೊಸೆಸರು, ಅದೂ ಸಿಕ್ಕವುಗಳಲ್ಲೇ ಬಲವಾದದ್ದು. ಅದಕ್ಕೊಂದು ದಪ್ಪ ಫ್ಯಾನು, ಇಬ್ಬರು ಹಿಡಿದು ಸರಿಸಬೇಕಾದ ಪೆಟ್ಟಿಗೆ.

ಯಾಕೆಂದರೆ ಆಪರೇಷನ್ ಆದಂದಿನಿಂದ ಅಪ್ಪ ಹೊಸಿಲು ದಾಟಿರಲಿಲ್ಲ. ಯಾರಾದರೂ ಮನೆಗೆ ಬಂದರೆ ಉಸಿರಾಟಕ್ಕೆಂದು ಕತ್ತಿನಲ್ಲಿ ಮಾಡಿದ್ದ ರಂಧ್ರದ ಮೇಲಿನ ಬಟ್ಟೆ ಸರಿಮಾಡಿಕೊಂಡು ಹಿತ್ತಲಿಗೆ ಹೋಗಿಬಿಡುತ್ತಿದ್ದ. ದಿನದಿಂದ ದಿನಕ್ಕೆ ಮೂಲೆ ಹಿಡಿಯುತ್ತಿದ್ದ. ಎದುರಿನವರು ಕೇಳಿದ ತಕ್ಷಣ ಉತ್ತರ ಕೊಡುವ ಹಾಗಾದರೆ ಅವನು ಮತ್ತೆ ಮನುಷ್ಯರ ನಡುವೆ ಬಂದಾನು, ಕ್ಷಣ ತಡವಾದರೂ ಜನ ಅಯ್ಯೋ ಪಾಪ ಅಂದಾರು, ಅದನ್ನು ಅವನು ತಡೆಯಲಾರ ಎಂದು ನನ್ನ ಎಣಿಕೆ. ಪೆಟ್ಟಿಗೆ ಬಂದ ಮೇಲೆ ಅಪ್ಪ ಅಮ್ಮನ ಜೊತೆ ಮಾತಾಡಿದ, ಜಗಳವನ್ನೂ ಆಡಿದ. ಆದರೆ ಕದ ತಟ್ಟಿದ ಸದ್ದಾದರೆ ಮತ್ತೆ ಹಿತ್ತಲು.

ಅಷ್ಟರಲ್ಲಿ ಪತ್ರಿಕೆಯವರು ಪರೀಕ್ಷೆಗೆಂದು ಹೊಸ ಮೊಬೈಲ್ ಪ್ರೊಸೆಸರಿನ ಲ್ಯಾಪ್‌ಟಾಪ್ ಕಳಿಸಿದರು. ಅಪ್ಪನ ಪ್ರೋಗ್ರಾಮನ್ನು ಅದರಲ್ಲೂ ಹಾಕಿ, ಎರಡನ್ನೂ ಒಂದೇ ಮೇಜಿನ ಮೇಲಿಟ್ಟು, ಒಂದೇ ಪ್ಯಾರಾ ಓದಿಸಿದೆ. ಅಪ್ಪ ಹಿಂದೆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ಡೆಸ್ಕ್‌ಟಾಪ್ ಮಾತು ಮುಗಿಸಿ ಕೈಕಟ್ಟಿ ಕೂತರೂ ಪಾಪದ ಲ್ಯಾಪ್‌ಟಾಪ್ ಇನ್ನೂ ಪುಸುಪುಸು ಅನ್ನುತ್ತಿತ್ತು.

"ನೋಡಿದೆಯಾ ಅಪ್ಪ? ಅದರ ಅರ್ಧದಷ್ಟೂ ವೇಗ ಇಲ್ಲ ಇದಕ್ಕೆ. ಆ ಒಂದು ಪ್ರೊಸೆಸರಿನ ಬೆಲೆಗೆ ಈ ಇಡೀ ಲ್ಯಾಪ್‌ಟಾಪ್ ಬರುತ್ತೆ ನಿಜ. ಆದರೆ ತಡವರಿಸೋ ಮಾತನ್ನ ಅಗ್ಗಕ್ಕೆ ಸಿಗುತ್ತೆ ಅಂತ ತಗೊಳ್ಳೋಕಾಗುತ್ತಾ?"

ಅಪ್ಪ ಎದ್ದು ಬಂದು ನನ್ನನ್ನು ಪಕ್ಕಕ್ಕೆ ಸರಿಸಿದ. ಲ್ಯಾಪ್‌ಟಾಪಿನ ಮುಂದೆ ಕೂತು ಎರಡು ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತತೊಡಗಿದ. ನಾನು ಬೇಸರಕ್ಕೆ ಅವನ ಮೊದಲ ಅಕ್ಷರಕ್ಕೇ ಹೊತ್ತು ಅಳೆಯುವ ಗಡಿಯಾರ ಒತ್ತಿದೆ. ಅವನು ಒತ್ತಿದ, ಅಳಿಸಿದ, ಮತ್ತೆ ಒತ್ತಿದ. ಅಮ್ಮ ಬಂದು ಟೀ ಇಟ್ಟು ಹೋದಳು. ಕೊನೆಗೆ ಎಂಟರ್ ಒತ್ತಿದ. ನಾನು ಉಸಿರೆಳೆಯುವಷ್ಟರಲ್ಲಿ ಲ್ಯಾಪ್‌ಟಾಪ್ ಹೇಳಿತು: "ಇದು ನನಗೆ ಸಾಕು ಮಗಳೇ."

ಗಡಿಯಾರ ನೋಡಿದೆ. ಮತ್ತೆ ಅದೇ ಮಾತನ್ನು ಡೆಸ್ಕ್‌ಟಾಪಿನಲ್ಲಿ ಟೈಪ್ ಮಾಡಿಸಿದೆ. ಅಷ್ಟೇ ಹೊತ್ತು! ಎರಡರ ನಡುವೆ ಕಣ್ಣೆವೆ ಬಡಿಯುವಷ್ಟೂ ಅಂತರವಿರಲಿಲ್ಲ. ಇದ್ದ ಹೊತ್ತೆಲ್ಲ ಅಪ್ಪನ ಬೆರಳುಗಳದ್ದು. ನಾವು ಪರೀಕ್ಷಕರು ಪ್ಯಾರಾ ಮೊದಲೇ ಬರೆದಿಟ್ಟುಕೊಂಡಿರುತ್ತೇವೆ, ಗಡಿಯಾರ ಒತ್ತುವುದು ಎಂಟರ್ ಆದ ಮೇಲೆ. ಮನುಷ್ಯ ಬರೆಯುವ ಹೊತ್ತು ನಮ್ಮ ಕೋಷ್ಟಕದಲ್ಲಿ ಬರುವುದೇ ಇಲ್ಲ. ಇಷ್ಟು ವರ್ಷ ಪ್ರೊಸೆಸರುಗಳಿಗೆ ಬೈದು ಬೈದು ಅನ್ನ ತಿಂದವಳು ನಾನು. ಅಪ್ಪನ ಮಾತಿಗೆ ಬಲವಾದ ಪ್ರೊಸೆಸರಿನಿಂದ ಬಿಡಿಗಾಸಿನ ಉಪಕಾರವೂ ಆಗಿರಲಿಲ್ಲ ಎಂದು ಗೊತ್ತಾದಾಗ ಕಪಾಳಕ್ಕೆ ಬಿಗಿಸಿಕೊಂಡವಳಂತೆ ಕೂತೆ.

ತಲೆ ಎತ್ತಿದರೆ ಅಪ್ಪ ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಕಂಕುಳಲ್ಲಿ ಲ್ಯಾಪ್‌ಟಾಪ್.

"ಎಲ್ಲಿಗೆ? ಅಪ್ಪ, ಪ್ಲಗ್ ಕಿತ್ತರೆ ಅದರ ಅರ್ಧ ಶಕ್ತಿ ಹೋಗುತ್ತೆ! ಅದು ಪತ್ರಿಕೆಯವರದ್ದು!"

ಅವನು ಬಾಗಿಲು ತೆಗೆದು ಹೊಸಿಲು ದಾಟಿಯೇಬಿಟ್ಟ. ಅಮ್ಮ ಸೌಟು ಹಿಡಿದುಕೊಂಡು ಹಾಗೇ ನಿಂತಳು. "ಹೋಗೇ, ಹಿಂದೆ ಹೋಗೇ" ಎಂದು ಕೈಸನ್ನೆ ಮಾಡಿದಳು ಅಷ್ಟೇ.

ಅಪ್ಪ ನೆಟ್ಟಗೆ ನಡೆದದ್ದು ಬಸ್ ನಿಲ್ದಾಣಕ್ಕೆ. ಬೀಗದ ಅಂಗಡಿಯವನು, ಚಪ್ಪಲಿ ಹೊಲಿಯುವವನು ಎದ್ದು ನಿಂತು ನೋಡಿದರು. ಅಪ್ಪ ತಲೆಯಾಡಿಸಿ ನಡೆದ. ನನಗೆ ಖುಷಿಯಿಂದ ಕಣ್ಣು ಮಂಜಾಗುತ್ತಿತ್ತು. ನಿಲ್ದಾಣದ ಕಮಾನು ದಾಟಿದೆವು ಅಷ್ಟೇ, ತಲೆಯ ಮೇಲಿಂದ ಗುಡುಗಿದ ಹಾಗೆ ಬಂತು:

"ಆಸ್ಪತ್ರೆ ಮಾರ್ಗದ ಬಸ್ಸು ನಾಲ್ಕನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿದೆ."

ಅಪ್ಪನ ಧ್ವನಿ. ಲ್ಯಾಪ್‌ಟಾಪ್ ತಾನಾಗಿ ಬಾಯಿಬಿಟ್ಟಿತೇ ಎಂದು ಅವನ ಕಂಕುಳು ನೋಡಿದೆ. ಅದು ಮುಚ್ಚಿತ್ತು. ಅಪ್ಪ ನನ್ನ ತೋಳನ್ನು ಉಗುರು ಊರುವಂತೆ ಹಿಡಿದಿದ್ದ, ಕಂಬದ ಮೇಲಿನ ಸ್ಪೀಕರನ್ನೇ ನೋಡುತ್ತಿದ್ದ. ಹೊಸಬರು ಕಲಿಯಲಿ ಎಂದು ಕೊಟ್ಟ ರೆಕಾರ್ಡನ್ನೇ ಹಾಕಿ ನಿಲ್ದಾಣ ನಡೆಸುತ್ತಿದ್ದರು. ಹೊಸಬರನ್ನು ತೆಗೆದುಕೊಂಡೇ ಇರಲಿಲ್ಲ. ಆಪರೇಷನ್ ಆದ ಮೇಲೆ ನಿಲ್ದಾಣಕ್ಕೆ ಕಾಲಿಡದ ನಮಗೆ ಇದು ಗೊತ್ತೇ ಇರಲಿಲ್ಲ.

ಅದಕ್ಕಿಂತ ದೊಡ್ಡ ಆಘಾತ ಇನ್ನೂ ಬರಬೇಕಾಗಿತ್ತು. ನಾಲ್ಕನೇ ಪ್ಲಾಟ್‌ಫಾರ್ಮನ್ನು ಅಗೆದು ಹಗ್ಗ ಕಟ್ಟಿದ್ದರು. ಆಸ್ಪತ್ರೆ ಬಸ್ಸು ಏಳರಲ್ಲಿ ನಿಂತು ಎಂಜಿನ್ ಗುರುಗುಟ್ಟಿಸುತ್ತಿತ್ತು. ಒಬ್ಬ ಅಜ್ಜಿ, ಕೈಯಲ್ಲಿ ಎಕ್ಸರೇ ಲಕೋಟೆ, ನಾಲ್ಕರ ಹಗ್ಗದ ಪಕ್ಕದಲ್ಲೇ ಕಾಯುತ್ತಿದ್ದಳು. ನಾನು ಓಡಿಹೋಗಿ, "ಅಜ್ಜಿ, ಬಸ್ಸು ಅಲ್ಲಿದೆ" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸುಮ್ನಿರಮ್ಮ, ಮೈಕಪ್ಪ ನಾಲ್ಕು ಅಂದಿದ್ದಾನೆ. ಅವನ ಮಾತು ಸುಳ್ಳಾಗಲ್ಲ" ಎಂದಳು.

ಅಪ್ಪ ಪಕ್ಕದ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದಿದ್ದ. ಅವಸರಕ್ಕೆ ಅಕ್ಷರ ತಪ್ಪುತ್ತಿತ್ತು. ಬಸ್ಸಿನ ಬಾಗಿಲು ಮುಚ್ಚಿತು. ಒತ್ತು ಅಪ್ಪ, ಬೇಗ ಒತ್ತು, ಎಂದು ನಾನು ಕೂಗುತ್ತಿದ್ದೆ. ಎಂಟರ್ ಆಯಿತು. ಪ್ಲಗ್ಗಿಲ್ಲದ ಆ ಬಡಪಾಯಿ ಪ್ರೊಸೆಸರು ಒಂದು ಕ್ಷಣ ಸುಮ್ಮನಿತ್ತು. ಆ ಒಂದು ಕ್ಷಣದಲ್ಲಿ ನನಗೆ ಡೆಸ್ಕ್‌ಟಾಪ್ ನೆನಪಾಗಿ ಅಳು ಬಂತು. ಆಮೇಲೆ ಧ್ವನಿ ಬಂತು: "ಅಜ್ಜಿ, ಮೈಕಪ್ಪ ನಾನು. ಬಸ್ಸು ಏಳರಲ್ಲಿದೆ."

ಅಜ್ಜಿ ಕಂಬದ ಸ್ಪೀಕರನ್ನು ನೋಡಿದಳು, ಅಪ್ಪನ ಅಲುಗದ ತುಟಿ ನೋಡಿದಳು, ಕತ್ತಿನ ಬಟ್ಟೆ ನೋಡಿದಳು. "ಅಯ್ಯೋ ನನ್ನಪ್ಪ!" ಎಂದಳು. ನಾನು ಅವಳನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಓಡಿದೆ. ಡ್ರೈವರ್ ಬೈದುಕೊಂಡು ಬಾಗಿಲು ತೆಗೆದ.

ತಿರುಗಿ ಬರುವಷ್ಟರಲ್ಲಿ ಅಪ್ಪ ಕಂಟ್ರೋಲರಿನ ಕೋಣೆಯಲ್ಲಿದ್ದ. ಕಂಟ್ರೋಲರ್ ಎದ್ದು ನಿಂತಿದ್ದ. ಮೇಜಿನ ಮೇಲಿನ ಯಂತ್ರದಲ್ಲಿ ಮುಂದಿನ ಪ್ರಕಟಣೆ ಶುರುವಾಗಿತ್ತು. ಆ ಪ್ರಕಟಣೆಯ ನಡುವೆಯೇ ಲ್ಯಾಪ್‌ಟಾಪ್ ಮಾತಾಡಿತು. ಒಂದೇ ಕೋಣೆಯಲ್ಲಿ ಇಬ್ಬರು ಅಪ್ಪಂದಿರು.

"ನನ್ನ ಗಂಟಲು ಹೋಯಿತು, ತಡ್ಕೊಂಡೆ. ನನ್ನ ಧ್ವನಿಯಲ್ಲಿ ನೀನು ಸುಳ್ಳು ಹೇಳಿಸಬೇಡ. ಆರಿಸು."

"ಮೇಲಿನವರು ಹೊಸಬರನ್ನ ಕೊಡಲಿಲ್ಲ ಅಣ್ಣ, ನಾನೇನು ಮಾಡಲಿ..." ಕಂಟ್ರೋಲರ್ ತೊದಲಿದ. ಯಂತ್ರ ಆರಿಸಿದ.

ನಿಲ್ದಾಣ ಗಪ್‌ಚಿಪ್ಪಾಯಿತು. ಜನ ನಿಂತಲ್ಲೇ ನಿಂತು ಮೇಲೆ ನೋಡಿದರು. ಅಪ್ಪ ಬಾಗಿಲ ಕಡೆ ತಿರುಗುತ್ತಾನೆ, ಮನೆಗೆ ಹೋಗಿ ಮತ್ತೆ ಹಿತ್ತಲು ಸೇರುತ್ತಾನೆ ಎಂದು ನನ್ನ ಜೀವ ಹೊಡೆದುಕೊಂಡಿತು. ಅವನು ತಿರುಗಲಿಲ್ಲ. ಕಂಟ್ರೋಲರಿನ ಕುರ್ಚಿ ಎಳೆದುಕೊಂಡು ಕೂತ, ಮೈಕನ್ನು ಲ್ಯಾಪ್‌ಟಾಪಿನ ಬಾಯಿಗೆ ಹಿಡಿಯಲು ನನಗೆ ಸನ್ನೆ ಮಾಡಿದ, ಬಹಳ ಹೊತ್ತು ಟೈಪ್ ಮಾಡಿದ. ಹೊರಗೆ ಇಡೀ ನಿಲ್ದಾಣ ಕಾದಿತ್ತು.

"ಪ್ರಯಾಣಿಕರ ಗಮನಕ್ಕೆ. ಇಷ್ಟು ದಿನ ನೀವು ಕೇಳಿದ್ದು ನಾನು ಹೇಳಿದ್ದಲ್ಲ. ಈಗ ಹೇಳುತ್ತಿರುವುದು ನಾನು."