ಮಾವನ ಅಡಕತ್ತರಿ

ರಾವಂದೂರಿನಲ್ಲಿ ನಟ್ಟು-ಬೋಲ್ಟಿನ ಅಂಗಡಿ ಇಟ್ಟಿರುವ ರೇಣುಕಾಪ್ರಸಾದನಿಗೆ ಇದ್ದದ್ದು ಒಂದೇ ಆಸೆ. ಬೀಚನಹಳ್ಳಿಯಲ್ಲಿ ಹಿನ್ನೀರಿಗೆ ಮುಖ ಮಾಡಿಕೊಂಡು ಬಿದ್ದಿರುವ ಮಾವನ ಹೊಲದಲ್ಲಿ ಟೆಂಟು ಹಾಕಿ ಪ್ರವಾಸಿಗರನ್ನು ಮಲಗಿಸಬೇಕು. ಮಾವ ಷಣ್ಮುಖಪ್ಪನವರಿಗೋ ಅಳಿಯನಿಗಿಂತ ಹೊಲದ ಮೇಲೇ ಒಲವು.

"ಒಲ ಕೇಳಕ್ ಮುಂಚೆ ನನ್ನ ಒಂದಿನ ಟೆಂಟಲ್ಲಿ ಮಲಗ್ಸಿ ತೋರ್ಸಿ ಅಳೀಮಯ್ಯ. ನನ್ ಬೆನ್ನು ಒಪ್ಪುದ್ರೆ ಒಲ ನಿಮ್ದು" ಎಂದಿದ್ದರು.

ಹಾಗಾಗಿ ದಸರಾ ಕಳೆದ ಮೇಲಿನ ಒಂದು ಶನಿವಾರ ಕಾಡಿನ ಗೇಟಿನಾಚೆ ಇರುವ ಟೆಂಟು ತಾಣವೊಂದಕ್ಕೆ ಕಾರು ಹೊರಟಿತು. ಹಿಂದೆ ಮಾವ, ಮುಂದೆ ಹೆಂಡತಿ ಆಶಾರಾಣಿ, ಡಿಕ್ಕಿಯಲ್ಲಿ ಸ್ವಂತ ಟೆಂಟು. ರೇಣುಕಾಪ್ರಸಾದನ ಜೇಬಿನಲ್ಲಿ ಅವನ ಪ್ರಾಣ, ಅಂದರೆ ಮಲ್ಟಿಟೂಲು. ಮಡಚಿದರೆ ಬೆಂಕಿಪೊಟ್ಟಣದಷ್ಟು; ಬಿಚ್ಚಿದರೆ ಚಾಕು, ಗರಗಸ, ಇಕ್ಕಳ, ಡಬ್ಬಿ ತೆಗೆಯುವ ಕೊಕ್ಕೆ, ಇನ್ನೂ ಏನೇನೋ.

"ಅರಿತ ಐತೇನಪ್ಪ?" ಎಂದರು ಮಾವ.

ಮಾವನ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹರಿತದ ಬಗ್ಗೆ ಕೇಳಿದರೋ, ಅರಿತದ್ದರ ಬಗ್ಗೆ ಕೇಳಿದರೋ ತಿಳಿಯದೆ ಅಳಿಯ ಎರಡಕ್ಕೂ ಉತ್ತರ ಕೊಟ್ಟ.

"ಚೆನ್ನಾಗ್ ಕುಯ್ತದೆ ಮಾವ. ಕಾನೂನೂ ಓದ್ಕಂಡಿದೀನಿ. ಅಲಗು ಒಂಬತ್ತಿಂಚು ಉದ್ದ, ಇಲ್ಲಾ ಎರಡಿಂಚು ಅಗಲ ದಾಟುದ್ರೆ ಮಾತ್ರ ತಕರಾರು. ಅಡುಗೆಮನೇದು, ಬೇಸಾಯದ್ದು ಆದ್ರೆ ಅದೂ ಇಲ್ಲ."

"ಒಂಬತ್ತಿಂಚು ಅಂದ್ರೆ ಒಂದು ಗೇಣು. ಯಾರ್ ಗೇಣು? ನಂದಾ, ಪೊಲೀಸಪ್ಪುಂದಾ?"

ಆಶಾರಾಣಿ ಕಿಟಕಿಯ ಕಡೆ ತಿರುಗಿಕೊಂಡು ನಕ್ಕಳು.

ಗೇಟಿನಲ್ಲಿ ಗಾರ್ಡ್ ಶಶಿಕುಮಾರ್ ಕಾರಿನೊಳಕ್ಕೆ ಬಗ್ಗಿದ. "ಪ್ಲಾಸ್ಟಿಕ್ಕು, ಬಾಟ್ಲಿ, ಆಯುಧ ಏನಾರ ಐತಾ ಸಾರ್?"

"ಆಯುಧ ಇಲ್ಲ, ಒಂದು ಮಲ್ಟಿಟೂಲ್ ಐತೆ" ಎಂದು ರೇಣುಕಾಪ್ರಸಾದ ತಾನಾಗಿಯೇ ತೆಗೆದು ತೋರಿಸಿದ. ಕಾನೂನು ಓದಿಕೊಂಡವರಿಗೆ ಬಾಯಿ ಮುಚ್ಚಿಕೊಂಡಿರುವುದು ಬಹಳ ಕಷ್ಟ.

ಶಶಿಕುಮಾರ್ ಅದನ್ನು ಹೊರಳಿಸಿ ನೋಡಿದ. ಹಿಡಿಯ ಮೇಲೆ ಮೂರು ಗೆರೆ ವಿಭೂತಿ, ನಡುವೆ ಒಣಗಿದ ಕುಂಕುಮ.

"ಆಯುಧ ಪೂಜೇಲಿ ಕುಂಕುಮ ಇಟ್ಟು, ಇಲ್ಲಿ ಬಂದು ಆಯುಧ ಅಲ್ಲ ಅಂತೀರಲ್ಲ ಸಾರ್!"

ರೇಣುಕಾಪ್ರಸಾದ ಹೆಂಡತಿಯನ್ನು ನೋಡಿದ. "ನನ್ನೇನ್ ನೋಡ್ತೀರಿ? ಅವತ್ತು ಮಿಕ್ಸಿಗೂ ಇಟ್ಟೆ, ಸ್ಕೂಟ್ರಿಗೂ ಇಟ್ಟೆ. ನೀವ್ ಅಲುಗಾಡ್ದೆ ಕೂತಿದ್ರೆ ನಿಮ್ಗೂ ಇಡ್ತಿದ್ದೆ" ಎಂದಳು.

ಹಿಂದಿನ ಸೀಟಿನಿಂದ ಮಾವ ಕತ್ತು ಚಾಚಿದರು. "ಅಲ್ಲ ಕಣಪ್ಪ, ನಿಮ್ ಗೇಟಿಗೂ ಕುಂಕುಮ ಐತಲ್ಲ. ಅದೂ ಆಯುಧನಾ?"

ಗೇಟಿನ ಕಂಬಕ್ಕೆ ಬಾಡಿದ ಚೆಂಡುಹೂವು ಕೂಡ ಜೋತುಬಿದ್ದಿತ್ತು. ಶಶಿಕುಮಾರ್‌ಗೂ ನಗು ಬಂತು.

"ನಮ್ ಗೇಟು ಕಾಡೊಳಿಕ್ ಓಗಲ್ಲ ಯಜಮಾನ್ರೇ. ಊರಲ್ಲಿ ಇಂಚು ಗಿಂಚು ನೋಡ್ತಾರೆ. ಕಾಡಿನ್ ಲೆಕ್ಕ ಬ್ಯಾರೆ. ಚಿಕ್ಕದೋ ದೊಡ್ಡದೋ, ಅಪ್ಪಣೆ ಇಲ್ದೆ ಚಾಕು ಒಯ್ಯಂಗಿಲ್ಲ. ಇಲ್ಲೇ ಇಟ್ಟೋಗಿ, ನಾಳೆ ಬತ್ತಾ ಇಸ್ಕಳಿ."

ರೇಣುಕಾಪ್ರಸಾದನ ಮುಖ ಮಡಚಿದ ಚಾಕಿನಂತಾಯಿತು. ಮಾವನ ಮುಖ ಮಾತ್ರ ಅರಳಿತು.

"ಕೊಟ್ಬುಡಿ ಅಳೀಮಯ್ಯ. ಚಾಕಿಲ್ದೆ ಈರುಳ್ಳಿ ಎಂಗ್ ಎಚ್ತೀರಿ ಅಂತ ನಾನೂ ನೋಡ್ಬೇಕು."

"ಯಜಮಾನ್ರೇ, ನಿಮ್ಮತ್ರ?" ಎಂದ ಶಶಿಕುಮಾರ್.

"ನನ್ನತ್ರ ಏನಪ್ಪ, ಎಲೆಅಡಕೆ ಸಂಚಿ."

"ಬಿಚ್ಚಿ."

ಸಂಚಿಯೊಳಗೇ ಸಂಚು ಕೂತಿತ್ತು. ಎಲೆ, ಸುಣ್ಣದ ಡಬ್ಬಿ, ಅದರಡಿಯಿಂದ ಠಣ್ಣೆಂದು ಬಿದ್ದದ್ದು ಕಬ್ಬಿಣದ ಅಡಕತ್ತರಿ.

"ಇದೂ ಇಡಿ."

"ಏಯ್, ಇದು ನಮ್ಮಪ್ಪುಂದು ಕಣಯ್ಯ! ಅಡಕೆ ಬುಟ್ರೆ ಬ್ಯಾರೆ ಏನೂ ಕತ್ರುಸಿಲ್ಲ!"

"ಅಲಗು ಐತಲ್ಲ."

"ಕುಂಕುಮನೇ ಇಟ್ಟಿಲ್ಲ, ನೋಡು!"

"ಒಂದಿನ ತಾನೇ ಮಾವ, ಕೊಟ್ಬುಡಿ" ಎಂದ ಅಳಿಯ, ಮಾವನದೇ ದನಿಯಲ್ಲಿ.

ಮಾವನ ಬಾಯಲ್ಲಿ ಉಳಿದಿರುವ ಹಲ್ಲುಗಳಿಗೆ ಅಡಕೆಯನ್ನು ಎಳೆ ಎಳೆಯಾಗಿ ಕತ್ತರಿಸಿಯೇ ಕೊಡಬೇಕು. ಅಡಕೆ ಇಲ್ಲದ ಊಟ ಊಟವಲ್ಲ, ಊಟವಿಲ್ಲದ ನಿದ್ದೆ ನಿದ್ದೆಯಲ್ಲ. ಜನ ಅಡಕತ್ತರಿಯಲ್ಲಿ ಸಿಕ್ಕಿಕೊಳ್ಳುವುದನ್ನು ನಾವೆಲ್ಲ ಕೇಳಿದ್ದೇವೆ. ಸ್ವಂತ ಅಡಕತ್ತರಿಯಲ್ಲಿ ಸಿಕ್ಕಿಕೊಂಡವರು ಷಣ್ಮುಖಪ್ಪ ಒಬ್ಬರೇ ಇರಬೇಕು.

ಹಿಂದಿನ ಗಾಡಿಗಳು ಹಾರನ್ ಒತ್ತತೊಡಗಿದವು.

"ನಿಮ್ ಕಾಡು ಎಲ್ಲಿಂದ ಸುರು?" ಎಂದರು ಮಾವ.

"ಈ ಗೇಟಿಂದ."

"ಬೀಚನಳ್ಳೀಲಿ ನನ್ ಒಲ ಐತೆ. ಅಲ್ಲಿ ಇದುಕ್ಕೆ ಏನಂತಾರೆ?"

"ಅಲ್ಲಿ ಅಡಕತ್ತರಿ ಅಂತಾರೆ ಯಜಮಾನ್ರೇ."

"ಅಳೀಮಯ್ಯ, ಕಾರ್ ತಿರುಗ್ಸಿ."

"ಟೆಂಟು, ಮಾವ?"

"ಡಿಕ್ಕೀಲಿ ಐತಲ್ಲ! ನನ್ ಒಲದಲ್ಲೇ ಆಕಿ."

ಬೀಚನಹಳ್ಳಿಯ ಹೊಲದಲ್ಲಿ ಟೆಂಟು ಎದ್ದಿತು. ಶಶಿಕುಮಾರ್ ವಾಪಸು ಕೊಟ್ಟಿದ್ದ ಮಲ್ಟಿಟೂಲನ್ನು ಬಿಚ್ಚಲು ಹೋಗಿ ರೇಣುಕಾಪ್ರಸಾದ ಉಗುರು ಮುರಿದುಕೊಂಡ. ಚಾಕು ಬೇಕೆಂದರೆ ಗರಗಸ ಬಂತು, ಗರಗಸ ಮಡಚಿದರೆ ಇಕ್ಕಳ ಬಂತು. ಅಷ್ಟರಲ್ಲಿ ಮಾವ ಟೆಂಟಿನ ಹಗ್ಗವನ್ನೂ ಮಸಾಲೆ ಪೊಟ್ಟಣವನ್ನೂ ಅಡಕತ್ತರಿಯಲ್ಲೇ ಕತ್ತರಿಸಿ ಮುಗಿಸಿದ್ದರು. ಅಡಕೆ ಬಿಟ್ಟು ಬೇರೇನೂ ಕತ್ತರಿಸದ ಅಡಕತ್ತರಿ ಅದು!

ಬೆಳಿಗ್ಗೆ ಅವರು ಸೊಂಟ ಹಿಡಿದುಕೊಂಡು ಹೊರಬಂದಾಗ ರೇಣುಕಾಪ್ರಸಾದ ಮುಖ ತೊಳೆಯುವುದನ್ನೂ ಮರೆತು ಕಾದು ನಿಂತಿದ್ದ.

"ಬೆನ್ನು ಏನಂತು ಮಾವ?"

"ಬೆನ್ನು ಒಪ್ನಿಲ್ಲ ಕಣಪ್ಪ. ಬರೀ ಮಣ್ಣೆಂಟೆ ಮೇಲೆ ಮಲಗ್ಸಿದ್ರಿ."

ಅಳಿಯನ ಮುಖ ಇಳಿಯಿತು. ಮಾವ ನಿಧಾನವಾಗಿ ಒಂದು ಅಡಕೆ ಕತ್ತರಿಸಿ ಬಾಯಿಗೆ ಹಾಕಿಕೊಂಡರು.

"ಬಾಯಿ ಒಪ್ತು. ಒಲದಲ್ಲಿ ಟೆಂಟ್ ಆಕ್ಕಳಿ, ಓಗಿ. ಬೋರ್ಡಲ್ಲಿ ಮಾತ್ರ ದಪ್ಪಗೆ ಬರ್ಸಿ, ಅಡಕತ್ತರಿ ತರಬಹುದು ಅಂತ."