ಕೆರೆದರೂ ಹೋಗದ ಹುಲ್ಲುಗಾವಲು

ಕರುವಿನ ತೊಗಲಿನ ಮೇಲೆ ಬರೆಯುವುದಕ್ಕಿಂತ ಬರೆದದ್ದನ್ನು ಅಳಿಸುವುದು ಕಷ್ಟ. ಮಸಿ ತೊಗಲನ್ನು ಕಚ್ಚಿ ಕೂತಿರುತ್ತದೆ. ಚೂರಿ ಹಿಡಿದು ಅಕ್ಷರ ಅಕ್ಷರವಾಗಿ ಕೆರೆಯಬೇಕು. ಹೋಲ್ಮ್‌ವಿಕ್ ಮಠದ ಲಿಪಿಕಾರ ಐಲ್ಮರನಿಗೆ ಅದೇನು ಹೊಸದಲ್ಲ. ಆದರೆ ಈ ಸಲ ಕೆರೆಯಬೇಕಾದದ್ದು ಹನ್ನೆರಡು ವರ್ಷದ ಹಿಂದೆ ತಾನೇ ಬರೆದ ಪತ್ರ.

ಹೊಳೆಯಂಚಿನ ಹುಲ್ಲುಗಾವಲನ್ನು ತರ್ಕಿಲ್ ಮಠಕ್ಕೆ ಕೊಟ್ಟಿದ್ದಾನೆ, ಆದರೆ ಹೆಂಡತಿ ಲೆವೀವ ಬದುಕಿರುವವರೆಗೆ ಅದು ಅವಳದೇ ಎಂದಿತ್ತು ಪತ್ರ. ಒಂದೇ ತೊಗಲಿನಲ್ಲಿ ಎರಡು ಸಲ ಬರೆದು, ನಡುವೆ ಅಂಕುಡೊಂಕಾಗಿ ಕತ್ತರಿಸಿ ಹಂಚಿಕೊಂಡಿದ್ದರು. ತರ್ಕಿಲ್ ಸತ್ತ ಮೇಲೆ ಅವಳ ಪಾಲಿನ ತುಂಡು ಗುಡಿಸಲಿನ ಜೊತೆ ಸುಟ್ಟುಹೋಯಿತು. ಉಳಿದದ್ದು ಮಠದ ತುಂಡು. ಹುಲ್ಲುಗಾವಲು ಯಾರದೆಂದು ತೀರ್ಮಾನಿಸಲು ರಾಜನ ನ್ಯಾಯಾಧೀಶ ಗುರುವಾರ ಬರುವವನಿದ್ದ.

"ಕೊನೇ ಎರಡು ಸಾಲು ತೆಗೆದ್ಬಿಡು," ಎಂದರು ಮಠದ ಹಿರಿಯ ಹೇಮೋ. "ಮುದುಕಿಯ ಎರಡು ಹಸುಗೆ ಅಷ್ಟು ಹುಲ್ಲು ಯಾಕೆ?"

"ಆ ಹಸುಗಳಿಂದ್ಲೇ ಅವಳ ಹೊಟ್ಟೆ ನಡೀತಿರೋದು, ಗುರುಗಳೇ. ಪತ್ರ ಬರ್ದೋನೂ ನಾನೇ."

"ಅದಕ್ಕೇ ನಿಂಗೆ ಹೇಳ್ತಿರೋದು. ಅಕ್ಷರ ಬೇರೆ ಅನ್ಸಲ್ಲ."

ದೇವರ ಮನುಷ್ಯರಿಗೆ ಹುಲ್ಲಿನ ಮೇಲೆ ಇಷ್ಟೊಂದು ಪ್ರೀತಿ ಯಾಕೋ ನಾನರಿಯೆ. ಹಿರಿಯರ ಮಾತು ಮೀರಿ ಐಲ್ಮರನಿಗೆ ಅಭ್ಯಾಸವಿರಲಿಲ್ಲ. ಚೂರಿ ಮಸೆದ.

ಮೊದಲ ಅಕ್ಷರ ಕೆರೆದಾಗ ಬೆನ್ನ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು. ನಡುಹಗಲು, ಕೋಣೆಯಲ್ಲಿ ಅವನೊಬ್ಬನೇ.

"ಮರದ ಬೊಡ್ಡೆಯಿಂದ ಕಾಲ್ವೆಗೆ. ಕಾಲ್ವೆಯಿಂದ ಕಲ್ಲಿಗೆ."

ತರ್ಕಿಲನ ದನಿ. ಐಲ್ಮರ್ ಚಿಕ್ಕವನಿದ್ದಾಗ ತರ್ಕಿಲ್ ಅವನನ್ನು ಹುಲ್ಲುಗಾವಲಿನ ಗಡಿಯುದ್ದಕ್ಕೂ ನಡೆಸಿ, ಒಂದೊಂದು ಗುರುತಿಗೂ ಕೆನ್ನೆಗೊಂದು ಬಾರಿಸಿದ್ದ; ಮುದುಕನಾಗುವ ತನಕ ಗಡಿ ನೆನಪಿರಲಿ ಎಂದು ಆ ಸೀಮೆಯವರೆಲ್ಲ ಮಾಡುತ್ತಿದ್ದದ್ದೇ ಹಾಗೆ. ಈಗ ಚೂರಿ ಆಡಿದಂತೆಲ್ಲ ಕೆನ್ನೆ ಚುರುಗುಟ್ಟಿತು. ಊಟಕ್ಕೆ ಕೂತರೆ ಅದೇ ದನಿ, ಪ್ರಾರ್ಥನೆಗೆ ನಿಂತರೆ ಅದೇ ದನಿ. ಹೆದರಿ ಜೀವ ಹಿಡಿಯಷ್ಟಾದರೂ ಮೂರು ದಿನದಲ್ಲಿ ಕೆಲಸ ಮುಗಿಸಿ, ಕೆರೆದ ಗುರುತು ಕಾಣದಂತೆ ಸೀಮೆಸುಣ್ಣ ಉಜ್ಜಿದ.

ಗುರುವಾರ ಹೇಮೋ ಪತ್ರವನ್ನು ಗಟ್ಟಿಯಾಗಿ ಓದಿದರು. ಲೆವೀವ ಎದುರಿಗೇ ನಿಂತು ಕೇಳಿದಳು. ನ್ಯಾಯಾಧೀಶ ಐಲ್ಮರನ ಕೈಯನ್ನು ಸುವಾರ್ತೆಯ ಗ್ರಂಥದ ಮೇಲಿರಿಸಿ, "ನೀನು ಬರೆದ ಹಾಗೇ ಇದೆಯೇನಪ್ಪಾ?" ಎಂದ.

ಕಿವಿಯ ಹಿಂದೆಯೇ ಮತ್ತೆ ಶುರುವಾಯಿತು. ಮರದ ಬೊಡ್ಡೆಯಿಂದ ಕಾಲ್ವೆಗೆ.

"ಬರ್ದೋನೂ ನಾನೇ, ಕೆರ್ದೋನೂ ನಾನೇ," ಎಂದ ಐಲ್ಮರ್. "ಬೆಳಕಿಗೆ ಹಿಡ್ದು ನೋಡಿ."

ನ್ಯಾಯಾಧೀಶ ಕಿಟಕಿಯತ್ತ ಹೋದ. ದನಿ ನಿಂತಿತು.

ಹುಲ್ಲುಗಾವಲು ಲೆವೀವಳಿಗೇ ಉಳಿಯಿತು. ಮಠದವರು ಐಲ್ಮರನ ಲೇಖನಿ ಕಿತ್ತುಕೊಂಡು ಹಂದಿದೊಡ್ಡಿಯ ಕೆಲಸಕ್ಕೆ ಹಾಕಿದರು. ಮರುದಿನ ಮುದುಕಿ ಅಲ್ಲಿಗೇ ಬಂದಳು.

"ಯಾಕ್ ಮಗಾ ಬಾಯ್ಬಿಟ್ಟೆ? ನಿನ್ ಬಾಳು ಹಾಳಾಯ್ತಲ್ಲ."

ಅವನು ನಡೆದದ್ದನ್ನೆಲ್ಲ ಹೇಳಿದ. ಅವಳು ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನನ್ ಬಗ್ಗೆ ಏನಾದ್ರೂ ಅಂದ್ನಾ?"

ಹೂಂ ಎಂದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಸುಳ್ಳು ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. "ಇಲ್ಲಮ್ಮ. ಬರೀ ಗಡಿ ಹೇಳ್ತಿದ್ದ."

"ಬದುಕಿದ್ದಾಗ್ಲೂ ಅಷ್ಟೇ ಬಿಡು," ಎಂದು ನಗಲು ನೋಡಿದಳು. "ಈಗ್ಲೂ ಕೇಳ್ಸುತ್ತಾ?"

"ಇಲ್ಲ. ನಿಂತೋಯ್ತು."

"ಮೂರ್ ದಿನ ಇದ್ದ ಅಂತೀಯ," ಎಂದಳು ಲೆವೀವ. "ಅವನ್ ದನಿ ಕೇಳೋಕೆ ನನ್ನನ್ನೂ ಒಂದ್ಸಲ ಕರೀಬಾರ್ದಿತ್ತಾ ಮಗಾ." ದೊಡ್ಡಿಯ ಗೋಡೆಗೆ ಒರಗಿ ಕುಳಿತು ಅತ್ತಳು.